ಹಾಲಿನ ಕಾವಲು

ಹಾಲು ಬೇಡವೆಂದ ಕೂಸನ್ನು ಹಿಡಿದು ಮಲಗಿಸಿಕೊಂಡು ಮೊಲೆ ಬಾಯಿಗಿಡುವುದೆಂದರೆ, ಊಟ ಮುಗಿಸಿ ಕೈ ತೊಳೆದವರ ಎಲೆಗೆ ಮತ್ತೆ ಬಡಿಸಲು ಹೋದ ಹಾಗೆ. ನನ್ನ ಮಗ ಮುಖ ತಿರುಗಿಸುತ್ತಿದ್ದ, ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸುತ್ತಿದ್ದ. ಹೊಸದಾಗಿ ಬಂದ ಹಲ್ಲಿನ ಹರಿತ ಎಲ್ಲಿ ನೋಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ನಾನು ಬಿಡುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ ಎದ್ದೊಡನೆ ಒಮ್ಮೆ, ಒಲೆ ಹಚ್ಚುವ ಮುಂಚೆ ಒಮ್ಮೆ, ಹಿಟ್ಟು ಬೇಯಲು ಬಿಟ್ಟ ಬಿಡುವಿನಲ್ಲಿ ಇನ್ನೊಮ್ಮೆ. ನೋಡಿದವರು ಎಂಥಾ ಮಮತೆ ಎಂದುಕೊಂಡರು. ಮಮತೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಭಯ. ಇಷ್ಟು ಬೇಗ ಇನ್ನೊಂದು ಬಸುರು ಬಾರದಿರಲೆಂದು ನಾನು ನನ್ನ ಹಾಲನ್ನೇ ಬಾಗಿಲಿಗೆ ಕಾವಲು ಹಾಕಿದ್ದೆ.

ಈ ಕಾವಲುಗಾರನನ್ನು ನನಗೆ ಗೊತ್ತುಮಾಡಿಕೊಟ್ಟವರು ನಮ್ಮತ್ತೆ. ಬಾಣಂತನ ಮುಗಿಸಿಕೊಂಡು ತವರಿನಿಂದ ಗುಂಡ್ಲುಪೇಟೆಗೆ ಬಂದ ದಿನವೇ ಹೇಳಿದ್ದರು: "ಕೂಸು ಮೊಲೆ ಕುಡಿಯೋಗಂಟ ಏನೂ ಆಗದಿಲ್ಲ ಕಣಮ್ಮಿ, ನೆಮ್ಮದಿಯಾಗಿರು." ನಮ್ಮವ್ವನೂ ಅದನ್ನೇ ಹೇಳಿದ್ದಳು. ಅತ್ತೆಯೂ ಅವ್ವನೂ ಒಂದೇ ಮಾತು ಹೇಳುವುದು ನಮ್ಮ ಕಡೆ ಎಷ್ಟು ಅಪರೂಪವೆಂದರೆ, ಹೇಳಿದ್ದು ನಿಜವೇ ಇರಬೇಕೆಂದು ನಾನು ನಂಬಿಬಿಟ್ಟೆ.

ನಂಬುವ ಮುಂಚೆ ಕೊಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಬಹುದಿತ್ತು. ನಮ್ಮ ಕೆಂದ ಹಸು ಇತ್ತ ಕರುವಿಗೆ ಹಾಲೂಡಿಸುತ್ತ, ನಮಗೂ ಎರಡು ಹೊತ್ತು ಕರೆಯುತ್ತ, ಅತ್ತ ಗಬ್ಬವೂ ಆಗಿ ನಿಂತಿರುತ್ತದೆ. ಅದನ್ನು ನೋಡಿ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಹಸು ಗಬ್ಬವಾಯಿತೆಂದರೆ ನಮ್ಮ ಯಜಮಾನರು ಸಂತೋಷದಿಂದ ಅದರ ಬೆನ್ನು ತಟ್ಟುತ್ತಾರೆ. ದಿನಾ ಅದರ ಸಗಣಿ ಬಾಚುವ ನನಗೆ, ಅದರದ್ದೂ ಹಾಲು ನನ್ನದೂ ಹಾಲು ಎಂಬುದು ಒಂದು ದಿನವಾದರೂ ಹೊಳೆಯಬಾರದೇ? ಶಿವನು ಪಾಠವನ್ನು ಮನೆಯ ಹಿಂದೆಯೇ ಕಟ್ಟಿಹಾಕಿದ್ದ. ನಾನು ಹುಲ್ಲು ಹಾಕಿ ಬರುತ್ತಿದ್ದೆ.

ಭಯವೇಕೆ ಎಂದು ಕೇಳುತ್ತೀರಿ. ಮಕ್ಕಳೆಂದರೆ ಭಾಗ್ಯವೇ. ದೊಡ್ಡ ಮಗಳು ಗಟ್ಟಿಯಾಗಿಯೇ ಹುಟ್ಟಿದ್ದಳು, ಆದರೆ ಈ ಹುಡುಗ ಹುಟ್ಟುವಾಗಲೇ ಒಣಗಿದ ಅವರೆಕಾಯಿಯ ಹಾಗಿದ್ದ. ಅತ್ತರೆ ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಅವನ ತೊಡೆಯಲ್ಲಿ ಇಂದು ಒಂದು ಮಡಿಕೆ ಕಾಣಿಸುತ್ತಿದ್ದರೆ ಅದು ಮೊಲೆಹಾಲಿನ ಪುಣ್ಯ. ಆ ಮಡಿಕೆಯನ್ನು ದಿನಾ ಎಣ್ಣೆ ಹಚ್ಚುವಾಗ ಮುಟ್ಟಿ ನೋಡಿ ಶಿವನಿಗೆ ಕೈ ಮುಗಿಯುತ್ತೇನೆ. ನಮ್ಮಲ್ಲಿ ತಾಯಿ ಬಸುರಾದಳೆಂದು ಗೊತ್ತಾದರೆ ಅಂದೇ ಕೂಸಿನ ಹಾಲು ಬಿಡಿಸುತ್ತಾರೆ. ಬಸುರಿಯ ಹಾಲು ಕುಡಿದ ಕೂಸು ಸೊರಗಿ ಹೋಗುತ್ತದೆ ಅನ್ನುತ್ತಾರೆ. ಬೇವಿನಸೊಪ್ಪು ಅರೆದು ಮೊಲೆಗೆ ಹಚ್ಚಿದರೆ ಮುಗಿಯಿತು, ಕೂಸು ಕಹಿ ನೆಕ್ಕಿ ಕಿರುಚುತ್ತದೆ, ನಾಲ್ಕು ದಿನದಲ್ಲಿ ಮರೆಯುತ್ತದೆ. ಹಾಲು ಬಿಟ್ಟರೆ ನನ್ನ ಅವರೆಕಾಯಿ ಮತ್ತೆ ಒಣಗಿದರೆ?

ಹೀಗಿರುವಾಗ ಒಂದು ಬೆಳಿಗ್ಗೆ ಬೆಲ್ಲದ ಕಾಫಿಯ ವಾಸನೆಗೆ ಹೊಟ್ಟೆ ತೊಳಸಿತು. ಬೆಲ್ಲ ಹಳೆಯದಿರಬೇಕು ಎಂದುಕೊಂಡೆ. ಮಾರನೆಯ ದಿನ ಒಗ್ಗರಣೆಗೂ ಹಾಗೇ ಆಯಿತು. ಎಣ್ಣೆ ಸರಿಯಿಲ್ಲ ಎಂದುಕೊಂಡೆ. ಮನೆಯಲ್ಲಿ ಬೈಸಿಕೊಳ್ಳದ ಸಾಮಾನೇ ಉಳಿಯಲಿಲ್ಲ.

ಮುಟ್ಟು ನಿಂತಿದೆಯೋ ಎಂದು ನೋಡೋಣವೆಂದರೆ, ಹೆರಿಗೆಯಾದ ಮೇಲೆ ಅದು ಬಂದೇ ಇರಲಿಲ್ಲ. ಬಾರದೇ ಇದ್ದದ್ದು ನಿಲ್ಲುವುದು ಹೇಗೆ? ಎದುರುಮನೆ ಶ್ಯಾನುಭೋಗರ ಸೊಸೆಯಾದರೆ ಈ ತಾಪತ್ರಯವಿಲ್ಲ. ಅವಳು ತಿಂಗಳಿಗೊಮ್ಮೆ ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿ ಕೂರುತ್ತಾಳೆ. ಕೂತರೆ ಬೀದಿಗೆಲ್ಲ ಗೊತ್ತು, ಕೂರದಿದ್ದರೆ ಅದೂ ಬೀದಿಗೆಲ್ಲ ಗೊತ್ತು. ಅವಳ ಲೆಕ್ಕ ಇಡಲು ಊರೇ ಇದೆ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ನಮಗೆ ಆ ಸೂತಕವಿಲ್ಲ. ಹೊರಗೆ ಕೂರುವಂತಿಲ್ಲ, ಒಲೆಯಿಂದ ರಜವೂ ಇಲ್ಲ. ಅದು ದೊಡ್ಡ ಉಪಕಾರವೆಂದು ನಾನು ಸದಾ ಹೇಳುವವಳು. ಆದರೆ ಆ ದಿನಗಳಲ್ಲಿ, ನನ್ನ ಮೈಯ ಸಮಾಚಾರ ನನಗೂ ಶಿವನಿಗೂ ಬಿಟ್ಟು ಇನ್ನು ಯಾರಿಗೂ ತಿಳಿಯದಲ್ಲ ಎಂದು ಒಂಥರಾ ಒಂಟಿತನ ಕಾಡಿತು. ಶಿವನಂತೂ ಬಾಯಿ ಬಿಡುತ್ತಿರಲಿಲ್ಲ.

ಗುಂಡ್ಲುಪೇಟೆಯಲ್ಲೇ ಆಸ್ಪತ್ರೆಗೆ ಹೋದರೆ ನಾನು ಮನೆ ಸೇರುವ ಮುಂಚೆ ಸುದ್ದಿ ಸೇರಿರುತ್ತದೆ. ಅದಕ್ಕೆ ಚಾಮರಾಜನಗರದಲ್ಲಿರುವ ತಂಗಿಯನ್ನು ನೋಡಿಬರುತ್ತೇನೆಂದು ಮಗನನ್ನು ಎತ್ತಿಕೊಂಡು ಹೊರಟೆ. ಬಸ್ಸಿನ ಮೇಲೆ ಈರುಳ್ಳಿ ಮೂಟೆ, ಒಳಗೆ ಡೀಸೆಲ್ಲಿನ ವಾಸನೆ. ತೆರಕಣಾಂಬಿ ಬರುವಷ್ಟರಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಬೆನ್ನು ನೀವುತ್ತ, "ಎಷ್ಟ್ ತಿಂಗ್ಳವ್ವ?" ಅಂದಳು.

"ಅಯ್ಯೋ, ಕೂಸು ಇನ್ನೂ ಹಾಲು ಕುಡೀತಾ ಅದ ಕಣಜ್ಜಿ," ಅಂದೆ.

"ಕುಡೀಲಿ ಬುಡು. ನಾ ಕೇಳಿದ್ದು ಒಳಗಿರೋದ್ನ."

ಚಾಮರಾಜನಗರದ ಡಾಕ್ಟರಮ್ಮ ಮೈಸೂರಿನವರು. ಪರೀಕ್ಷೆ ಮಾಡಿ ಕೈ ತೊಳೆದುಕೊಂಡು, "ಮೂರು ತಿಂಗಳ ಹತ್ತಿರ ಆಗಿದೆಯಮ್ಮ," ಅಂದರು. ಮುಟ್ಟೇ ಬಂದಿಲ್ಲವಲ್ಲ ಎಂದು ನಾನು ವಾದಕ್ಕೇ ನಿಂತೆ, ಅವರೇನೋ ತೂಕ ತಪ್ಪಿ ಹಾಕಿದ ಅಂಗಡಿಯವರು ಅನ್ನುವ ಹಾಗೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು: ಕೂಸು ಬರೀ ತಾಯಿಯ ಹಾಲಿನ ಮೇಲಿರುವ ಮೊದಲ ಆರು ತಿಂಗಳು, ಹಗಲೂ ರಾತ್ರಿ ಕುಡಿಯುತ್ತಿದ್ದು ಮುಟ್ಟೂ ಬಾರದಿದ್ದರೆ, ಬಸುರಾಗುವುದು ಅಪರೂಪ. ಆಗುವುದೇ ಇಲ್ಲ ಅಂತಲ್ಲ, ಅಪರೂಪ. ಕೂಸು ರಾಗಿಸರಿ ತಿನ್ನಲು ಹಿಡಿದು, ರಾತ್ರಿಯೆಲ್ಲ ನಿದ್ದೆ ಮಾಡತೊಡಗಿದ ಮೇಲೆ ಆ ನೆಚ್ಚಿಕೆ ಬಿಡಬೇಕು. ಬಸುರಿಗೆ ಬೇಕಾದ ಬೀಜ ಹೆರಿಗೆಯಾದ ಮೇಲಿನ ಮೊದಲನೆಯ ಮುಟ್ಟಿಗೆ ಮುಂಚೆಯೇ ಬಂದುಬಿಡಬಹುದು, ಅದು ಡಂಗುರ ಹೊಡೆದು ಬರುವುದಿಲ್ಲ.

ನನ್ನ ಮಗ ಸರಿಯನ್ನೂ ರಾತ್ರಿಯ ನಿದ್ದೆಯನ್ನೂ ಎಂದೋ ಶುರುಮಾಡಿದ್ದ. ಅಂದರೆ ನನ್ನ ಕಾವಲುಗಾರ ಸುಳ್ಳನಲ್ಲ, ಅವನ ಪಾಳಿ ಮುಗಿದು ಆಗಲೇ ಮನೆಗೆ ಹೋಗಿದ್ದ. ನಾನು ಖಾಲಿ ಬಾಗಿಲಲ್ಲಿ ಕೂಸಿನ ಹತ್ತಿರ ಕಚ್ಚಿಸಿಕೊಳ್ಳುತ್ತ ಕೂತಿದ್ದೆ.

"ಹಾಗಾದರೆ ಇವನಿಗೆ ಹಾಲು ಬಿಡಿಸಬೇಕೇ?" ಎಂದೆ.

"ಯಾಕೆ? ನಿಮ್ಮ ಹಾಲು ವಿಷ ಆಗಿಲ್ಲ. ನಿಮಗೆ ನಿಶ್ಶಕ್ತಿಯಾಗದೆ, ಹೊಟ್ಟೆನೋವು ಗಿಟ್ಟೆನೋವು ಬಾರದೆ ಇದ್ದರೆ ಕುಡಿಸಿ. ಹಾಲು ತಾನಾಗಿ ಕಮ್ಮಿಯಾಗುತ್ತೆ, ಅವನಿಗೆ ಸರಿ, ಬೇಳೆಕಟ್ಟು ಹೆಚ್ಚು ಮಾಡುತ್ತಾ ಬನ್ನಿ. ನೀವೂ ಹೊಟ್ಟೆ ತುಂಬ ತಿನ್ನಿ."

ಡಾಕ್ಟರಮ್ಮನಿಗೆ ಹೇಳುವುದು ಸುಲಭ. ಅವರು ನಮ್ಮತ್ತೆಯ ಜೊತೆ ಒಂದೇ ಮನೆಯಲ್ಲಿ ಇರಬೇಕಾಗಿಲ್ಲ. ಊರಿಗೆ ಬಂದು ವಿಷಯ ಹೇಳಿದೆ. ಅತ್ತೆ ನೇರ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಒರಳುಕಲ್ಲಿನ ಸದ್ದು. ಬೇವಿನ ವಾಸನೆ ನಡುಮನೆಗೆ ಬಂತು. ನಾನು ಮಗನನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದೆ. ಅತ್ತೆಗೆ ಎದುರಾಡಿದವಳಲ್ಲ ನಾನು. ಆದರೆ ಅಂದು ಎಲ್ಲಿಂದ ಬಂತೋ ಧೈರ್ಯ, ಬಟ್ಟಲು ಹಿಡಿದು ಬಂದವರನ್ನು ಕೇಳಿಯೇಬಿಟ್ಟೆ: "ಅತ್ತೆ, ನಮ್ಮ ಬಾವನವರಿಗೂ ಇವರಿಗೂ ಎಷ್ಟು ಅಂತರ?"

ಅತ್ತೆ ನಿಂತರು. ಬಾವನವರು ನಮ್ಮ ಯಜಮಾನರಿಗೆ ಅಣ್ಣ. ಇಬ್ಬರೂ ಒಂದೇ ಎತ್ತರ, ಒಬ್ಬರ ಅಂಗಿ ಒಬ್ಬರಿಗೆ ಆಗುತ್ತದೆ. ಊರಲ್ಲಿ ಅರ್ಧ ಜನ ಅವಳಿ ಎಂದೇ ತಿಳಿದಿದ್ದಾರೆ.

"ಒಂದೂವರೆ ವರ್ಸ," ಅಂದರು ಮೆಲ್ಲಗೆ. ಆಮೇಲೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ದೊಡ್ಡೋನು ಮೊಲೆ ಕುಡೀತಿದ್ದ. ನಮ್ಮತ್ತೆ ಬೇವು ಹಚ್ಚುದ್ರು. ಕದ ಬಡಿದು ಬಡಿದು ಅತ್ತನಮ್ಮಿ ಅದು. ನಾನೂ ಒಳ್ಗಡಿಂದ ಅಗುಳಿ ಹಿಡ್ಕಂಡು ಅಳ್ತಾ ನಿಂತಿದ್ದೆ."

"ಮತ್ತೆ ನನಗೆ ಏನೂ ಆಗದಿಲ್ಲ ಅಂದಿರಿ?"

"ನಂಗೂ ಅಂಗೇ ಅಂದಿದ್ರು ಕಣಮ್ಮಿ."

ಇಬ್ಬರಿಗೂ ನಗು ಬಂತು, ನಗಬಾರದ ಹೊತ್ತಿನಲ್ಲಿ. ಅತ್ತೆ ಬಟ್ಟಲನ್ನೊಮ್ಮೆ, ನನ್ನ ಮಗನನ್ನೊಮ್ಮೆ ನೋಡಿ, "ಕುಡಿಸ್ಕೊ ಬುಡು, ಎಷ್ಟ್ ದಿನ ಕುಡೀತನೊ ಕುಡೀಲಿ," ಎಂದು ಎದ್ದರು. ಅರೆದ ಬೇವು ದಂಡವಾಗಲಿಲ್ಲ. ಹೇನು ಸಾಯಲಿ ಎಂದು ನನ್ನ ದೊಡ್ಡ ಮಗಳ ತಲೆಗೆ ಮೆತ್ತಿದರು. ಅವಳು ಕಿರುಚಿದ್ದು ಬೇರೆ ಸಮಾಚಾರ.

ಹಾಲು ಏನಾದರೂ ತನ್ನ ಮಾತು ಉಳಿಸಿಕೊಂಡಿದ್ದರೆ ನಮ್ಮ ಯಜಮಾನರೇ ಹುಟ್ಟುತ್ತಿರಲಿಲ್ಲ, ನಾನು ಯಾವ ಊರಿನ ಯಾವ ಒಲೆ ಊದುತ್ತಿದ್ದೆನೋ. ಹೀಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಮಗನ ತೊಡೆಯ ಮಡಿಕೆ ಇನ್ನೂ ಇದೆ, ದಿನಾ ಮುಟ್ಟಿ ನೋಡುತ್ತೇನೆ. ಆದರೂ ಮನಸ್ಸು ಒಂದು ಕಡೆ ಕೂರುವುದಿಲ್ಲ. ಆ ವಾಂತಿಯ ದಿನಗಳಲ್ಲಿ ಪೂಜೆಗೆ ಕೂತಾಗಲೆಲ್ಲ "ಶಿವನೇ, ಈಗ ಬೇಡ, ಈಗ ಬೇಡ" ಎಂದೇ ಬೇಡಿಕೊಂಡಿದ್ದೆ, ಅದೂ ಬಾಯಿಬಿಟ್ಟು. ಶಿವ ಕೇಳಿಸಿಕೊಳ್ಳದಿದ್ದರೆ ಪರವಾಗಿಲ್ಲ, ಅವನಿಗೆ ಸಾವಿರ ಕೆಲಸ. ಆದರೆ ಒಳಗಿದ್ದದ್ದು ಕೇಳಿಸಿಕೊಂಡಿದ್ದರೆ? ಕರೆಯದ ಮನೆಗೆ ಬಂದೆನಲ್ಲ ಎಂದು ಮುದುರಿಕೊಂಡು ಕೂತಿದ್ದರೆ?

ಅದಕ್ಕೇ ಈಗ ಒಲೆಯ ಮುಂದೆ ಮುದ್ದೆ ತಿರುವುತ್ತ ಅದರ ಜೊತೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ನಿಮ್ಮಣ್ಣ ಹೀಗೆ, ನಿಮ್ಮಕ್ಕ ಹಾಗೆ, ಬೇಗ ಬಾ, ನೀನು ಬರುವ ಹೊತ್ತಿಗೆ ಅವರೆಕಾಯಿ ಕಾಲ ಎಂದೆಲ್ಲ. ನಿನ್ನೆ ಅತ್ತೆ ನಡುಮನೆಯಿಂದ ಕೂಗಿ ಕೇಳಿದರು: "ಯಾರಮ್ಮಿ ಬಂದಿರೋರು? ಯಾರ್ ಕುಟ್ಟ ಮಾತಾಡ್ತಿದ್ದೈ?"

"ನೆಂಟರು ಬಂದವ್ರೆ ಅತ್ತೆ," ಅಂದೆ.

ಅತ್ತೆ ಬಾಗಿಲಿಗೆ ಬಂದು ನನ್ನ ಹೊಟ್ಟೆಯ ಕಡೆ ನೋಡಿದರು. ಆಮೇಲೆ, "ಅಂಗಾದ್ರೆ ಹಿಟ್ಟು ಇನ್ನೊಂದ್ ಹಿಡಿ ಹಾಕು. ಉಪಾಸ ಕೆಡವಬ್ಯಾಡ ಅವರ್ನ," ಎಂದರು.