ಬ್ರೇಕ್ ಸರಿಯಿದೆ ಎಂದು ಸಹಿ ಹಾಕಿದವನ ಪಾಡು

ಮಹಾಜನರೇ, ಇಂದು ಕೊಯಮತ್ತೂರು ವಿಮಾನ ನಿಲ್ದಾಣದಲ್ಲಿ ಲಗೇಜ್ ಎಳೆಯುವ ಟ್ರ್ಯಾಕ್ಟರಿನಡಿ ನಾನು ಸ್ವರ್ಗಸ್ಥನಾಗುವುದಿತ್ತು. ಅಲ್ಲಿನ ರಿಪೇರಿ ಶೆಡ್ಡಿನ ಮೆಕ್ಯಾನಿಕ್ ನಾನು; ಅದರ ಬ್ರೇಕ್ ನೋಡದೆಯೇ ತಪಾಸಣೆ ಪಟ್ಟಿಯಲ್ಲಿ ‘ಸರಿಯಿದೆ’ ಎಂದು ಸಹಿ ಹಾಕಿದ್ದೆ. ನಮ್ಮ ಫೋರ್‌ಮನ್, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡ ಮನೆತನದವರು, ಅದನ್ನು ಓದಿ ಸೀಟಿಗೇರಿದರು.

“ಸೈನ್ ಹಾಕ್ದವನು ಎದುರ್ಗೆ ನಿಂತ್ಕೋ ಪಾ. ನಾನು ಓಡಿಸ್ಕೊಂಡು ಬರ್ತೀನಿ.”

ನಮ್ಮ ಶೆಡ್ಡಿನ ಪದ್ಧತಿಯೇ ಅದು. ನಿಂತೆ. ಎಂಜಿನ್ ಗುಡುಗಿದ್ದೇ ತಡ, “ಬ್ರೇಕ್ ನೋಡಿಲ್ಲ ಸಾರ್!” ಎಂದು ಚೀರಿದೆ.

ಎಂಜಿನ್ ಆರಿಸಿ ಅವರು ಪೆಡಲ್ ಒತ್ತಿದರು. ಅದು ಸಲೀಸಾಗಿ ತಳಕ್ಕಿಳಿಯಿತು; ಬ್ರೇಕೇ ಇರಲಿಲ್ಲ.

“ಇದು ಈಗ ವಿಮಾನದ ಹತ್ರ ಹೋಗ್ಬೇಕಿತ್ತು, ತಂಬಿ,” ಎಂದರು.

ಸಂಜೆ ಬಸ್ ಹತ್ತುವ ಮುನ್ನ ಚಾಲಕರನ್ನು ನನ್ನ ಹರುಕು ತಮಿಳಿನಲ್ಲಿ ಕೇಳಿದೆ: “ಅಣ್ಣಾ, ಬ್ರೇಕ್ ನೋಡಿದ್ರಾ?”

“ಬೆಳಿಗ್ಗೆಯೇ ಸೈನ್ ಹಾಕಾಯ್ತು ತಂಬಿ!”

ಸಿಂಗಾನಲ್ಲೂರಿನ ಮನೆಗೆ ನಡೆದೇ ಬಂದೆ.