ಹಡಗಿನಲ್ಲಿ ಬಂದವರು ಕೊಟ್ಟ ಕುಸ್ವಾರ್

ಕಳೆದ ವರ್ಷದ ಡಿಸೆಂಬರ್. ನನ್ನ ಗಂಡ ತೀರಿಕೊಂಡು ಐದು ತಿಂಗಳಾಗಿತ್ತು.

ಮಂಗಳೂರಿನ ಪಣಂಬೂರು ಬಂದರಿಗೆ ಹಡಗಿನಲ್ಲಿ ಬರುವ ವಿದೇಶಿಯರನ್ನು ಊರಿನ ಮನೆಗಳಿಗೆ ಕರೆತಂದು ಅಡುಗೆ ತೋರಿಸುವ ಯೋಜನೆಯೊಂದನ್ನು ಸರ್ಕಾರ ಶುರು ಮಾಡಿತ್ತು. ಮನೆಯವರಿಗೂ ನಾಲ್ಕು ಕಾಸು, ಊರಿಗೂ ವ್ಯಾಪಾರ. ಬಿಜೈಯ ನಮ್ಮ ಮನೆಯನ್ನು ಆ ಪಟ್ಟಿಗೆ ಸೇರಿಸಲು ಇವರು ಬದುಕಿದ್ದಾಗ ಕಚೇರಿಗೆ ಹತ್ತಾರು ಸಲ ಅಲೆದಿದ್ದರು. ಕ್ರಿಸ್ಮಸ್ ತಿಂಡಿ ಕುಸ್ವಾರನ್ನು ನಾನು ಮಾಡಿ ತೋರಿಸಬೇಕೆಂಬುದು ಇವರ ಆಸೆ.

ಹಡಗು ಬರುವ ವಾರ ಪ್ರವಾಸೋದ್ಯಮ ಇಲಾಖೆಯ ಮೇಡಂ ಫೋನ್ ಮಾಡಿದರು. "ಕಷ್ಟ ಆಗ್ತದಾದ್ರೆ ಹೇಳಿ, ಬೇರೆ ಮನೆ ಉಂಟು. ಆದ್ರೆ ಪಟ್ಟಿಯಿಂದ ನಿಮ್ಮ ಯಜಮಾನರ ಹೆಸರು ತೆಗೀಬೇಕಾಗ್ತದೆ."

"ಬರಲಿ" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಸಾವಾದ ಮನೆಯವರು ಆ ವರ್ಷ ಕುಸ್ವಾರ್ ಮಾಡುವಂತಿಲ್ಲ. ನೆರೆಯವರು ಕೊಟ್ಟರೆ ತಿನ್ನಬಹುದು, ಅಷ್ಟೆ.

ವಿಷಯ ತಿಳಿದ ಪಕ್ಕದ ಮನೆಯ ಸುಮತಿಯಕ್ಕ, "ನಿನ್ನ ಅಂಗಳದಲ್ಲಿ ನಾನು ಮಾಡ್ತೇನೆ" ಎಂದರು.

"ನಿಮಗೆ ಕಿಡಿಯೊ ಮಾಡ್ಲಿಕ್ಕೆ ಬರ್ತದಾ ಅಕ್ಕ?" ಕುಸ್ವಾರಿನಲ್ಲಿ ಕಷ್ಟದ್ದು ಅದೇ, ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ತಿಂಡಿ.

"ಮೂವತ್ತು ವರ್ಷ ನಿಮ್ಮನೆಯದ್ದು ತಿಂದಿದ್ದೇನೆ ಮಾರಾಯ್ತಿ. ಅದರಲ್ಲಿ ಎಂತ ಉಂಟು?"

ಬರಲಿಲ್ಲ. ಆರು ಮಂದಿ ವಯಸ್ಸಾದ ಅತಿಥಿಗಳ ಎದುರು ಸುಮತಿಯಕ್ಕನ ಹಿಟ್ಟು ಬಾಚಣಿಗೆಗೆ ಅಂಟಿ ಕುಳಿತಿತು. ನಾನು ಕೈಕಟ್ಟಿ ಕುಳಿತಿದ್ದೆ. ಬಿಳಿಕೂದಲಿನ ಹೆಂಗಸೊಬ್ಬರು ನನ್ನನ್ನೇ ನೋಡಿ ಗೈಡ್ ಹುಡುಗಿಯ ಬಳಿ ಏನೋ ಕೇಳಿದರು.

"ಆಂಟಿ, ನೀವು ಯಾಕೆ ಮಾಡುದಿಲ್ಲ ಅಂತ ಕೇಳ್ತಿದ್ದಾರೆ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇವರು ತೀರಿಕೊಂಡದ್ದನ್ನೂ ನಮ್ಮ ಕ್ರಮವನ್ನೂ ಹೇಳಿದೆ. ಹುಡುಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಆ ಹೆಂಗಸು ಎದ್ದು ಕೈ ತೊಳೆದು ಬಂದು ಸುಮತಿಯಕ್ಕನ ಪಕ್ಕ ಕುಳಿತರು. ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಒತ್ತುವುದು, ಸುರುಳಿ ಮಾಡುವುದು, ಉರಿ ಎಷ್ಟಿರಬೇಕು, ಎಲ್ಲವನ್ನೂ ನಾನು ಬಾಯಲ್ಲೇ ಹೇಳಿಕೊಟ್ಟೆ. ಮೊದಲ ಸಲ ಕರಿದದ್ದನ್ನು ಆ ಹೆಂಗಸು ತಟ್ಟೆಗೆ ಹಾಕಿ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ಇವತ್ತು ಒಂದು ದಿನಕ್ಕೆ ಅವರು ನಿಮ್ಮ ನೆರೆಯವರಂತೆ" ಎಂದಳು ಹುಡುಗಿ.

ನಾನು ಅತ್ತುಬಿಟ್ಟೆ. ಸುಮತಿಯಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಅಳುದಾದ್ರೆ ತಿಂದು ಅಳು. ಬಿಸಿ ಆರ್ತದೆ" ಎಂದರು. ತಿಂದೆ. ಒಂದೆರಡು ಒಳಗೆ ಹಸಿಯಿದ್ದವು. ಅವನ್ನೂ ಬಿಡಲಿಲ್ಲ.

ಪಟ್ಟಿಯಲ್ಲಿ ಇವರ ಹೆಸರು ಉಳಿಯಿತು. ಹಡಗು ಅದೇ ಸಂಜೆ ಹೊರಟಿತು. ಅಷ್ಟು ಮಾಡಿದ ಆ ಹೆಂಗಸಿನ ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇವರು ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.