ಕೆಂಡಕ್ಕ ಮತ್ತು ತಿನ್ನಲಾಗದ ಅಂಜೂರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೆಂಟು ವರ್ಷ ಗಾಜು ಉಜ್ಜಿದವಳು ಅವಳು. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿಯಬೇಕು, ಕೂದಲೆಳೆಯಷ್ಟು ಸವೆಸಬೇಕು, ಚೌಕಟ್ಟಿಗೆ ಕೂರಿಸಿ ನೋಡಿ ಮತ್ತೆ ಸವೆಸಬೇಕು. ಆ ಕಲ್ಲಿನ ಮುಂದೆ ಅವಳ ತಾಳ್ಮೆಗೆ ಕೊನೆಯೇ ಇರಲಿಲ್ಲ. ಕಲ್ಲು ನಿಂತು ಮನುಷ್ಯರ ಮಾತು ಶುರುವಾದರೆ ಮಾತ್ರ ಮೂಗಿನ ತುದಿಗೆ ಕೋಪ ಬಂದು ಕೂರುತ್ತಿತ್ತು. ಕೆಂಡಕ್ಕ ಎಂದು ಮೊದಲು ಕರೆದದ್ದು ಅಂಗಡಿಯ ಯಜಮಾನರು. ಬೀದಿ ಅದನ್ನೇ ಖಾಯಂ ಮಾಡಿತು. ಮದುವೆಯ ಮಾತು ಎರಡು ಸಲ ಮನೆಬಾಗಿಲಿಗೆ ಬಂದು, ಎರಡು ಸಲವೂ ಇವಳ ದನಿ ಕೇಳಿ ಚಪ್ಪಲಿ ಮೆಟ್ಟಿಕೊಂಡು ಹೋಯಿತೆಂದು ಜೊತೆಯಲ್ಲೇ ಇದ್ದ ತಮ್ಮ ನಗುತ್ತಿದ್ದ.

ಮನೆಯ ಹಿತ್ತಲಲ್ಲಿ ಎರಡು ಅಂಜೂರದ ಮರಗಳಿದ್ದವು. ಅಜ್ಜಿ ತವರು ಬಿಟ್ಟು ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಎರಡು ಕಡ್ಡಿಗಳು ಚಿಗುರಿ ಆದ ಮರಗಳು. ಒಂದರ ಹಣ್ಣು ಜೇನಿನಷ್ಟು ಸಿಹಿ. ಇನ್ನೊಂದರದು ಒಣ ಬೆಂಡು. ಒಡೆದರೆ ಒಳಗೆ ಹಳದಿ ಪುಡಿ, ಪುಡಿಯಲ್ಲಿ ಹರಿದಾಡುವ ಹುಳ. ಅದು ಗಂಡು ಮರ. ಆ ಹುಳ ಸೊಳ್ಳೆಗಿಂತ ಚಿಕ್ಕದಾದ ಒಂದು ಬಗೆಯ ಕಣಜ. ಮೈಗೆ ಪರಾಗ ಮೆತ್ತಿಕೊಂಡು ಅದು ಪಕ್ಕದ ಮರದ ಎಳೆ ಕಾಯಿಯೊಳಗೆ ನುಗ್ಗಿದರೆ ಮಾತ್ರ ಕಾಯಿ ನಿಲ್ಲುತ್ತದೆ. ಇಲ್ಲದಿದ್ದರೆ ಬಾಡಿ ಉದುರುತ್ತದೆ. ಅದಕ್ಕೇ ಪ್ರತಿ ಬೇಸಿಗೆಯ ಮೊದಲಲ್ಲಿ ಅಜ್ಜಿ ಗಂಡು ಮರದ ಹಣ್ಣುಗಳನ್ನು ಐದೈದರಂತೆ ದಾರಕ್ಕೆ ಪೋಣಿಸಿ, ಹಾರ ಮಾಡಿ ಹೆಣ್ಣು ಮರದ ಕೊಂಬೆಗಳಿಗೆ ತೂಗುಹಾಕುತ್ತಿದ್ದಳು. ಈ ಕೆಲಸದ ಮರ್ಮ ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಿರಬೇಕು ಎಂಬುದು ಅವಳ ಕಟ್ಟಪ್ಪಣೆ. ಗಂಡುಹುಡುಗರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಾಳೆ ಊರೆಲ್ಲ ಕಡ್ಡಿ ಕೇಳಿಕೊಂಡು ಬಂದು ನಿಲ್ಲುತ್ತದೆ ಎಂದು ಅವಳಿಗೆ ಭಯ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಕೆಂಡಕ್ಕನಿಗೆ ದಾರವೂ ಬಂತು, ಅಪ್ಪಣೆಯೂ ಬಂತು.

ಒಂದು ಮಂಗಳವಾರ ಸಂಜೆ ಅವಳು ಕೆಲಸದಿಂದ ಬಂದಾಗ ಗಂಡು ಮರ ಇದ್ದಲ್ಲಿ ಮೊಣಕಾಲೆತ್ತರದ ಬೊಡ್ಡೆಯಿತ್ತು. ಪಕ್ಕದಲ್ಲಿ ನಾಲ್ಕು ತಗಡು. ಸ್ಕೂಟರಿಗೆ ನೆರಳು ಮಾಡಬೇಕೆಂದು ತಮ್ಮ ಮರ ಕಡಿಸಿದ್ದ. ಅಷ್ಟೇ ಅಲ್ಲ, ಅಕ್ಕನಿಗೆ ಸಂತೋಷವಾಗಲಿ ಎಂದು ಹೊಸ ನೈಲಾನ್ ಬಲೆಯೊಂದನ್ನೂ ತಂದಿಟ್ಟಿದ್ದ. ಹಕ್ಕಿ ಬೆದರಿಸಲು ಇನ್ನು ಹಾರ ಕಟ್ಟುವ ಕಷ್ಟವೇ ಬೇಡ, ಬಲೆ ಹೊದಿಸಿದರಾಯಿತು ಎಂದ.

ಆಮೇಲೆ ಅವಳು ಅಂದದ್ದನ್ನು ಅಕ್ಕಪಕ್ಕದ ಮೂರು ಮನೆಯವರು ಕಿಟಕಿ ತೆರೆದು ಕೇಳಿದರು. ಬುದ್ಧಿಗೇಡಿ ಎಂಬಲ್ಲಿಂದ ಶುರುವಾಗಿ, ಶಾಲೆಯಲ್ಲಿ ಅವನು ಎರಡು ಸಲ ಫೇಲಾದದ್ದರ ತನಕ ಎಲ್ಲವೂ ಬಂತು. ಬಲೆ ಬಚ್ಚಲಿಗೆ ಬಿತ್ತು. ಉಸಿರಾಡಲು ಅವಳು ಒಂದು ಕ್ಷಣ ನಿಂತಾಗ ತಮ್ಮ ಕೇಳಿದ:

"ಅಕ್ಕ, ಹಾರ ಹಕ್ಕಿ ಬೆದರಿಸೋಕೆ ಅಂತ ನನಗೆ ಹೇಳಿದ್ದು ಯಾರು?"

ಹೇಳಿದ್ದವಳು ಅವಳೇ. ಆಗ ಅವನಿಗೆ ಏಳು ವರ್ಷ, ಅವಳಿಗೆ ಹದಿಮೂರು. ಐವತ್ತರ ಅಂಚಿನ ತನಕ ಅವನು ಅದನ್ನೇ ನಂಬಿಕೊಂಡಿದ್ದ. ಕೆಂಡಕ್ಕನ ಕೋಪ ಇಳಿಯಲಿಲ್ಲ, ಇನ್ನೂ ಏರಿತು.

ಕೊಂಬೆಗಳೆಲ್ಲಿ ಎಂದು ಕೇಳಿದಳು. ಮರ ಕಡಿದವನು ಸೌದೆ ಡಿಪೋಗೆ ಸಾಗಿಸಿದ್ದ. ತಮ್ಮನ ಸ್ಕೂಟರಿನ ಹಿಂದೆ ಕೂತು, ದಾರಿಯುದ್ದಕ್ಕೂ ಅವನ ಕಿವಿಗೆ ಬೈಗುಳ ಸುರಿಯುತ್ತಾ ಹೋದಳು. ಡಿಪೋದಲ್ಲಿ ರಾಶಿಯ ಮೇಲೆ ಹತ್ತಿ, ಬಾಡಿದ ಎಲೆಗಳ ನಡುವಿನಿಂದ ಒಂದು ಮೆತ್ತಗಿನ ಹಣ್ಣು ಕಿತ್ತು ಒಡೆದಳು. ಕೈಚೀಲದಿಂದ ಭೂತಗನ್ನಡಿ ತೆಗೆದು ನೋಡಿದಳು. ಕಣಜಗಳು ಓಡಾಡುತ್ತಿದ್ದವು.

"ಬದುಕಿವೆ," ಎಂದಳು.

ಹುಳ ಬಿದ್ದ ಹಣ್ಣು ನೋಡಿ ಇಷ್ಟು ಹಿಗ್ಗುವ ಗಿರಾಕಿಯನ್ನು ತಾನು ಕಂಡೇ ಇಲ್ಲವೆಂದು ಡಿಪೋದವನು ನಕ್ಕ. ನಗುವುದನ್ನು ಬಿಟ್ಟು ಆ ದಪ್ಪ ಕೊಂಬೆ ಎತ್ತು ಎಂದು ಅವನಿಗೂ ಗದರಿದಳು. ಅರವತ್ತಮೂರು ಹಣ್ಣು ಸಿಕ್ಕವು, ನೆಡಲು ಹದಿನಾಲ್ಕು ಕಡ್ಡಿಗಳೂ.

ಬೆಳಕಿರುವಾಗಲೇ ಹಿತ್ತಲಲ್ಲಿ ಚಾಪೆ ಹಾಸಿ ತಮ್ಮನನ್ನೂ ಅವನ ಹೆಂಡತಿಯನ್ನೂ ಕೂರಿಸಿದಳು. ಸೂಜಿ ಕೊಟ್ಟಳು. ತೊಟ್ಟಿನಲ್ಲಿ ಚುಚ್ಚಬೇಕು, ಹಣ್ಣಿನ ತುದಿಯ ರಂಧ್ರ ಮುಚ್ಚಬಾರದು, ಕಣಜ ಹೊರಬರುವ ದಾರಿ ಅದು ಎಂದು ಮೂರು ತಲೆಮಾರಿನ ಗುಟ್ಟನ್ನು ಬೈಯುತ್ತಲೇ ಬಿಚ್ಚಿಟ್ಟಳು.

"ನನಗೆ ಮೊದಲೇ ಹೇಳಿದ್ರೆ ಕಡಿಸ್ತಿದ್ನಾ?" ಎಂದ ತಮ್ಮ, ತಲೆ ಎತ್ತದೆ.

"ಸುಳ್ಳು ಹೇಳಿದ್ದು ನಾನು. ಕಡಿಸಿದ್ದು ನೀನು. ನಿಂದೇ ದೊಡ್ಡದು. ಪೋಣಿಸು."

"ಅತ್ತಿಗೆ, ಮುಂದಿನ ವರ್ಷಕ್ಕೆ?" ಎಂದು ಅವನ ಹೆಂಡತಿ ಮೆಲ್ಲಗೆ ಕೇಳಿದಳು.

"ಮುಂದಿನ ವರ್ಷ ಎಲ್ಲ ಉದುರುತ್ತೆ."

ಹಾಗೇ ಆಯಿತು. ಹಾರ ಕಟ್ಟಿದ ವರ್ಷವೇನೋ ಕಾಯಿ ನಿಂತು ಹಣ್ಣಾದವು. ಕಡ್ಡಿ ನೆಡುವ ಕಾಲ ಅದಲ್ಲವಾದ್ದರಿಂದ ಹದಿನಾಲ್ಕರಲ್ಲಿ ಎರಡು ಮಾತ್ರ ಬೇರು ಬಿಟ್ಟವು. ಅವು ಹಣ್ಣು ಬಿಡಲು ಇನ್ನೂ ಕೆಲವು ವರ್ಷ ಬೇಕಿತ್ತು. ಮರುವರ್ಷ ಬೇಸಿಗೆಯಲ್ಲಿ ಹೆಣ್ಣು ಮರ ದಿನವೂ ಹಿಡಿ ಹಿಡಿ ಹಸಿರು ಕಾಯಿ ಉದುರಿಸಿತು. ಬೊಗಸೆಯಲ್ಲಿ ಅವನ್ನೆತ್ತಿಕೊಂಡು ತಮ್ಮ ಬಾಗಿಲಲ್ಲಿ ನಿಂತರೆ ಅವಳು ಮುಖ ತಿರುಗಿಸುತ್ತಿದ್ದಳು. ಆದರೂ ಆ ಎರಡು ಗಂಡು ಗಿಡಗಳಿಗೆ ನೀರು ಹಾಕಲು ಅವನನ್ನಲ್ಲದೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.